ಮಿಲ್ಡ್ರೆಡ್ ಬರ್ಕ್ 1954ರಲ್ಲಿ ನಿಜಕ್ಕೂ ಸೋತಳಾ?

ಮೂರನೇ ಸಾಲು

ಮಹಿಳಾ ಪ್ರೊ ರೆಸ್ಲಿಂಗ್ ಅಂದರೆ ಇಲ್ಲಿ ಮಾತು ಶುರುವಾಗುವುದೇ ಚೈನಾ, ಲೀಟಾ, ಟ್ರಿಶ್ ಥರದ ಟಿವಿ ಕುಸ್ತಿಪಟುಗಳಿಂದ. ಸ್ವಲ್ಪ ಹಳಬರಾದರೆ 1956ರಲ್ಲಿ ಚಾಂಪಿಯನ್ ಆದ ಮೂಲಾ ತನಕ ಹೋಗುತ್ತಾರೆ, ಅಲ್ಲಿಗೆ ನಿಂತುಬಿಡುತ್ತದೆ. ಮೂಲಾಗಿಂತ ಮುಂಚೆ ಸುಮಾರು 17 ವರ್ಷ ಈ ಆಟವನ್ನು ಆಳಿದವಳು ಮಿಲ್ಡ್ರೆಡ್ ಬರ್ಕ್. ಅವಳ ಬಗ್ಗೆ ಇಲ್ಲಿ ಒಂದು ಚರ್ಚೆಯೂ ಕಾಣಲಿಲ್ಲ, ಅದಕ್ಕೇ ಇದನ್ನು ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಕಥೆ. ಹುಟ್ಟಿದ್ದು 1915ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಕಾಫಿವಿಲ್‌ನಲ್ಲಿ. ಹುಟ್ಟು ಹೆಸರು ಮಿಲ್ಡ್ರೆಡ್ ಬ್ಲಿಸ್. ಹದಿಹರೆಯದಲ್ಲೇ ಹೋಟೆಲಿನಲ್ಲಿ ಬಡಿಸುವ ಕೆಲಸ. ಬೇಗ ಮದುವೆಯಾಯಿತು, ಮಗು ಹೊಟ್ಟೆಯಲ್ಲಿರುವಾಗಲೇ ಗಂಡ ಕೈಬಿಟ್ಟ. ಕ್ಯಾನ್ಸಸ್ ಸಿಟಿಯಲ್ಲಿ ತಾಯಿಯ ಸಣ್ಣ ಹೋಟೆಲಿತ್ತು, ಅಲ್ಲೇ ದುಡಿಯುತ್ತಿದ್ದಳು. ಅಷ್ಟರಲ್ಲಿ ಒಮ್ಮೆ ಕುಸ್ತಿ ನೋಡಲು ಹೋಗಿದ್ದಳು, ಹುಚ್ಚು ಹಿಡಿಯಿತು. ತಾನೂ ಆಡಬೇಕು ಅಂತ ಆಸೆ. ಹೆಂಗಸು, ಐದಡಿ ಎರಡಂಗುಲ ಎತ್ತರ, ಕೈಯಲ್ಲಿ ಕೂಸು ಬೇರೆ. ಯಾರು ಕಲಿಸುತ್ತಾರೆ?

ಆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದವನು ಬಿಲ್ಲಿ ವುಲ್ಫ್. ಮಿಸೌರಿ ರಾಜ್ಯದ ಮಿಡಲ್‌ವೇಟ್ ಚಾಂಪಿಯನ್ ಆಗಿದ್ದ ಕುಸ್ತಿಪಟು. ಇವಳು ಬೆನ್ನು ಬಿಡಲಿಲ್ಲ. ಪೀಡೆ ತೊಲಗಲಿ ಅಂತ ಅವನು ಒಬ್ಬ ಹುಡುಗನನ್ನು ಕರೆದು, ಇವಳನ್ನು ಎತ್ತಿ ಜೋರಾಗಿ ಕೆಡವು, ತಾನಾಗೇ ಓಡಿಹೋಗುತ್ತಾಳೆ ಅಂದನಂತೆ. ಹುಡುಗ ಒಂದು ಸಲ ಕೆಡವಿದ. ಎರಡನೇ ಸಲ ಇವಳೇ ಅವನನ್ನು ಚಿತ್ ಮಾಡಿದಳು. ವುಲ್ಫ್ ಕಲಿಸಲು ಒಪ್ಪಿದ, ಆಮೇಲೆ ಮದುವೆಯೂ ಆದ.

1937ರ ಜನವರಿಯಲ್ಲಿ ಟೆನೆಸಿಯ ಚಟನೂಗಾದಲ್ಲಿ ಕ್ಲಾರಾ ಮಾರ್ಟೆನ್ಸನ್‌ಳನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಳು. ಅದೇ ವರ್ಷ ಅವರಿಬ್ಬರ ಮಧ್ಯೆ ಬೆಲ್ಟ್ ಆಚೀಚೆ ಆಯಿತು, ಕೊನೆಗೆ ಬರ್ಕ್ ಕೈಯಲ್ಲೇ ಉಳಿಯಿತು. ಹೊಳೆಯುವ ಹರಳು ಹೊಲಿದ ಬಿಳಿ ನಿಲುವಂಗಿ, ಕೈತುಂಬ ವಜ್ರ. ರಿಂಗಿಗೆ ಬಂದು ನಿಲುವಂಗಿ ಕಳಚಿದರೆ ಒಳಗೆ ಗಂಡಸರೂ ಹೊಟ್ಟೆಕಿಚ್ಚು ಪಡುವಂಥ ತೋಳು, ತೊಡೆ. ಆಗಿನ ಫೋಟೋಗಳು ಸಿಗುತ್ತವೆ, ನೋಡಿ. ಇವತ್ತಿನ ಜಿಮ್ ಮೈಕಟ್ಟಿಗೆ ಏನೂ ಕಡಿಮೆ ಇಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. 1954ರ ಆಗಸ್ಟ್ 20, ಅಟ್ಲಾಂಟಾ. ಎದುರಾಳಿ ಜೂನ್ ಬೈಯರ್ಸ್. ಮೂರರಲ್ಲಿ ಎರಡು ಫಾಲ್ (ಚಿತ್ ಮಾಡಿ ಇಲ್ಲವೇ ಸೋಲೊಪ್ಪಿಸಿ ಗೆಲ್ಲುವ ಒಂದು ಸುತ್ತು) ಗೆದ್ದವರಿಗೆ ಬೆಲ್ಟ್. ಮೊದಲನೆಯದು ಬೈಯರ್ಸ್ ಪಾಲಾಯಿತು. ಎರಡನೆಯದು ಎಳೆದು ಎಳೆದು ಮುಗಿಯಲೇ ಇಲ್ಲ, ಅಧಿಕಾರಿಗಳು ಪಂದ್ಯ ನಿಲ್ಲಿಸಿಬಿಟ್ಟರು. ಎರಡನೇ ಫಾಲ್ ಯಾರಿಗೂ ಸಿಗಲಿಲ್ಲ. ಆದರೂ ಬೈಯರ್ಸ್ ಚಾಂಪಿಯನ್ ಅಂತ ಪತ್ರಿಕೆಗಳಲ್ಲಿ ಬಂತು. ನನ್ನ ಪ್ರಕಾರ ಬರ್ಕ್ ಸೋಲಲಿಲ್ಲ, ಬೆಲ್ಟ್ ಕಿತ್ತುಕೊಂಡರು ಅಷ್ಟೇ. ನೀವೇನಂತೀರಿ?

ಸುಮ್ನೆ ಓದುವವ

ಗುರು, ನಾಟಕದಲ್ಲಿ ಸತ್ತ ರಾಜ ನಿಜಕ್ಕೂ ಸತ್ತನಾ ಅಂತ ಕೇಳಿದ ಹಾಗಿದೆ. ಪ್ರೊ ರೆಸ್ಲಿಂಗ್‌ನಲ್ಲಿ ಗೆಲುವು ಸೋಲು ಮೊದಲೇ ಬರೆದಿಟ್ಟಿರುತ್ತಾರೆ. 1937ರಲ್ಲಿ ಗೆದ್ದದ್ದೂ ಅಷ್ಟೇ, 1954ರಲ್ಲಿ ಸೋತದ್ದೂ ಅಷ್ಟೇ. ಇದಕ್ಕೆ ಇಷ್ಟುದ್ದ ಚರ್ಚೆ ಯಾಕೆ?

ಮೂರನೇ ಸಾಲು

ಅಟ್ಲಾಂಟಾ ಪಂದ್ಯ ಬರೆದಿಟ್ಟದ್ದಲ್ಲ ಸರ್, ಅದೇ ವಿಷಯ. ಅದು ಶೂಟ್. ಇಬ್ಬರೂ ನಿಜವಾಗಿ ಆಡಿದರು. ಇಬ್ಬರಲ್ಲಿ ಒಬ್ಬರೂ ಸೋಲಲು ಒಪ್ಪಿರಲಿಲ್ಲ.

ಹಳೇ ಟೇಪು

ಓದುವವರೇ, ನಿಮ್ಮ ಪ್ರಶ್ನೆ ತಪ್ಪೇನಲ್ಲ. ಆದರೆ ಬರೆದಿಟ್ಟ ಆಟದಲ್ಲೂ ಚಾಂಪಿಯನ್‌ಗೆ ನಿಜವಾದ ಕುಸ್ತಿ ಬರಲೇಬೇಕಿದ್ದ ಕಾಲ ಅದು. ಕಾರಣ ಸರಳ. ಬೆಲ್ಟ್ ಅಂದರೆ ದುಡ್ಡು. ಎದುರಾಳಿ ಸೋಲುತ್ತೇನೆ ಅಂತ ಒಪ್ಪಿಕೊಂಡು ರಿಂಗಿಗೆ ಬಂದು, ಮಾತು ಮುರಿದು ನಿಜವಾಗಿ ಚಿತ್ ಮಾಡಿಬಿಟ್ಟರೆ? ಸಾವಿರಾರು ಜನರ ಎದುರು ಸೋತವನು, ನಾವು ಹೀಗೆ ಮಾತಾಡಿಕೊಂಡಿರಲಿಲ್ಲ ಅಂತ ಹೇಳಲು ಆಗುತ್ತಾ?

1925ರಲ್ಲಿ ಹೀಗೇ ಆಯಿತು. ವೇಯ್ನ್ ಮನ್ ಅನ್ನುವ ಫುಟ್ಬಾಲ್ ಆಟಗಾರನನ್ನು ಪಂದ್ಯ ಏರ್ಪಡಿಸುವ ಪ್ರಮೋಟರ್‌ಗಳು ಚಾಂಪಿಯನ್ ಮಾಡಿದ್ದರು. ಆಳು ದೈತ್ಯ, ಆದರೆ ಕುಸ್ತಿ ಬರುತ್ತಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಸ್ಟಾನಿಸ್ಲಾಸ್ ಝಬಿಸ್ಕೊ ಸೋಲಬೇಕಿದ್ದ ಪಂದ್ಯದಲ್ಲಿ ಮತ್ತೆ ಮತ್ತೆ ಅವನನ್ನು ಮ್ಯಾಟ್‌ಗೆ ಒತ್ತಿ ಹಿಡಿದ. ರೆಫರಿಗೆ ಬೇರೆ ದಾರಿಯೇ ಇರಲಿಲ್ಲ, ಬೆಲ್ಟ್ ಹೋಯಿತು. ಅದರ ನೆನಪು ಪ್ರಮೋಟರ್‌ಗಳಲ್ಲಿ ಬಹಳ ಕಾಲ ಉಳಿದಿತ್ತು.

ಬರ್ಕ್ ಅಷ್ಟು ವರ್ಷ ಉಳಿದದ್ದಕ್ಕೆ ಅರ್ಧ ಕಾರಣ ಅದು. ಅವಳ ಎದುರು ಮಾತು ಮುರಿದರೆ ಏನಾಗುತ್ತದೆ ಅಂತ ಉಳಿದ ಹುಡುಗಿಯರಿಗೆ ಚೆನ್ನಾಗಿ ಗೊತ್ತಿತ್ತು. ಇನ್ನರ್ಧ ಕಾರಣ, ಬುಕಿಂಗ್ ಮಾಡುತ್ತಿದ್ದವನು, ಅಂದರೆ ಯಾರ ಜೊತೆ ಯಾರು ಆಡಬೇಕು, ಯಾರು ಗೆಲ್ಲಬೇಕು ಅಂತ ತೀರ್ಮಾನಿಸುತ್ತಿದ್ದವನು, ಅವಳ ಗಂಡ.

ಅರ್ಧರಾತ್ರಿ

ಆ ಜಾತ್ರೆ ಕಥೆ ಯಾರೂ ಹೇಳಲೇ ಇಲ್ಲ? ಗಂಡಸರ ಜೊತೆ ಆಡುತ್ತಿದ್ದಳಂತಲ್ಲ, ಅದು ನಿಜವೇ?

ಹಳೇ ಟೇಪು

ನಿಜ. 1930ರ ದಶಕ, ಅಮೆರಿಕದಲ್ಲಿ ಕೆಲಸವಿಲ್ಲ, ದುಡ್ಡಿಲ್ಲ. ಊರೂರು ಸುತ್ತುವ ಕಾರ್ನಿವಲ್‌ಗಳಲ್ಲಿ ಕುಸ್ತಿಯ ಡೇರೆ ಇರುತ್ತಿತ್ತು. ಹೊರಗೆ ಅಟ್ಟಣಿಗೆ ಮೇಲೆ ಒಬ್ಬ ನಿಂತು ಕೂಗುತ್ತಿದ್ದ. ಹತ್ತು ನಿಮಿಷದಲ್ಲಿ ಈ ಹೆಣ್ಣನ್ನು ಚಿತ್ ಮಾಡಿದವನಿಗೆ 25 ಡಾಲರ್. ಷರತ್ತು ಒಂದೇ, ಅವಳ ತೂಕಕ್ಕಿಂತ 20 ಪೌಂಡ್‌ಗಿಂತ ಜಾಸ್ತಿ ಇರಬಾರದು. ಅಂದಿನ 25 ಡಾಲರ್ ಅಂದರೆ ಫ್ಯಾಕ್ಟರಿ ಕೆಲಸಗಾರನ ವಾರದ ಸಂಬಳಕ್ಕಿಂತ ಮೇಲೆ. ಊರಿನ ಹುಡುಗರು ಬಿಡುತ್ತಾರಾ?

200ಕ್ಕೂ ಜಾಸ್ತಿ ಗಂಡಸರ ಜೊತೆ ಆಡಿದೆ, ಒಬ್ಬನಿಗೆ ಮಾತ್ರ ಸೋತೆ ಅಂತ ಅವಳೇ ಹೇಳಿಕೊಂಡಿದ್ದಾಳೆ.

ಸುಮ್ನೆ ಓದುವವ

"ಅವಳೇ ಹೇಳಿಕೊಂಡಿದ್ದಾಳೆ." ಅಷ್ಟು ಸಾಕು. ಆ ವುಲ್ಫ್ ಹುಡುಗನಿಗೆ ಹೇಳಿದ ಕಥೆಯೂ ಅವಳೇ ಹೇಳಿದ್ದು. ಕಾರ್ನಿವಲ್‌ನವರ ಲೆಕ್ಕವನ್ನು ಯಾರಾದರೂ ನಂಬುತ್ತಾರಾ? 25 ಡಾಲರ್ ಆಸೆಗೆ ಹತ್ತಿದ ಮೊದಲನೆಯವನು ಅವರದ್ದೇ ಆಳು ಆಗಿರುತ್ತಾನೆ.

ಮ್ಯಾಟ್ ಮೇಡಂ

ನಾನು ಕಾಲೇಜಿನಲ್ಲಿ ಕುಸ್ತಿ ಆಡಿದವಳು, ಈಗ ಹುಡುಗಿಯರಿಗೆ ಕಲಿಸುತ್ತೇನೆ. 200 ಅನ್ನುವ ಲೆಕ್ಕ ಸರಿಯೋ ತಪ್ಪೋ ಬಿಡಿ, ಆದರೆ ಆ ಷರತ್ತನ್ನು ಒಮ್ಮೆ ಸರಿಯಾಗಿ ಓದಿ. ಅವಳು ಗೆಲ್ಲಬೇಕಾಗಿಲ್ಲ. ಹತ್ತು ನಿಮಿಷ ಚಿತ್ ಆಗದಿದ್ದರೆ ಸಾಕು, ದುಡ್ಡು ಉಳಿಯುತ್ತದೆ.

ಕುಸ್ತಿ ಗೊತ್ತಿಲ್ಲದ ಗಂಡಸು ಏನು ಮಾಡುತ್ತಾನೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನೇರ ಬಂದು ಎರಡೂ ಕೈಯಿಂದ ಕುತ್ತಿಗೆ ಅಪ್ಪಿ ಹಿಡಿಯುತ್ತಾನೆ. ಹಲ್ಲು ಕಚ್ಚಿ ಹಿಂಡುತ್ತಾನೆ. ಉಸಿರು ಬಿಡುವುದನ್ನೇ ಮರೆಯುತ್ತಾನೆ. ಕಲಿತವಳು ಗದ್ದವನ್ನು ಎದೆಗೆ ಒತ್ತಿಕೊಂಡು ಗಂಟಲು ಉಳಿಸಿಕೊಳ್ಳುತ್ತಾಳೆ, ಅವನ ಮೊಣಕೈ ಮೇಲೆತ್ತಿ ತಲೆ ತೂರಿಸಿ ಹಿಂದಕ್ಕೆ ಹೋಗುತ್ತಾಳೆ. ಸೊಂಟ ಹಿಡಿದು ಕಾಲಿಗೆ ಕಾಲು ಕೊಟ್ಟರೆ ಅವನು ಮುಂಗೈ ಊರಿ ಬೀಳುತ್ತಾನೆ. ಎದ್ದು ಮತ್ತೆ ಅದನ್ನೇ ಮಾಡುತ್ತಾನೆ. ಎರಡು ಮೂರು ನಿಮಿಷಕ್ಕೆ ತೋಳು ಬಿದ್ದುಹೋಗಿರುತ್ತದೆ. ಆಮೇಲೆ ಉಳಿದ ಏಳು ನಿಮಿಷ ಅವನೇ ಗಡಿಯಾರ ನೋಡುತ್ತಿರುತ್ತಾನೆ.

ತೂಕದ ಷರತ್ತಿನಲ್ಲೇ ಅರ್ಧ ಬುದ್ಧಿ ಇದೆ. ಅವಳ ತೂಕ ಸುಮಾರು 138 ಪೌಂಡ್, ಅಂದರೆ ಹೆಚ್ಚು ಕಡಿಮೆ 63 ಕೆಜಿ. ಇಪ್ಪತ್ತು ಪೌಂಡ್ ಸೇರಿಸಿದರೂ 72 ಕೆಜಿ ಒಳಗೇ. ಅದಕ್ಕಿಂತ ದಪ್ಪನೆಯವನು ಮೇಲೆ ಬಿದ್ದರೆ ಪಟ್ಟು ಗೊತ್ತಿದ್ದೂ ಕಷ್ಟ. ಇದನ್ನು ಗೊತ್ತಿದ್ದೇ ಇಟ್ಟಿದ್ದಾರೆ. ಹಾಗಾಗಿ ಓದುವವರೇ, ಮೊದಲನೆಯವನು ಅವರದ್ದೇ ಆಳು ಇರಬಹುದು, ಒಪ್ಪಿದೆ. ಎಲ್ಲರನ್ನೂ ದುಡ್ಡು ಕೊಟ್ಟು ಸೋಲಿಸುವ ಅಗತ್ಯ ಅಲ್ಲಿ ಇರಲಿಲ್ಲ.

ಅರ್ಧರಾತ್ರಿ

ಮೇಡಂ, ಆ ಗಡಿಯಾರ ನೋಡುವುದು ಭಲೇ ಇದೆ 😄

ಹೇಳುವುದಾದರೆ ಅದೇ 1954ರಲ್ಲಿ ನಮ್ಮ ದೇಶದಲ್ಲೂ ಒಬ್ಬಳು ಗಂಡಸರಿಗೆ ಸವಾಲು ಹಾಕಿಕೊಂಡು ಓಡಾಡುತ್ತಿದ್ದಳು. ಹಮೀದಾ ಬಾನು. ನನ್ನನ್ನು ಸೋಲಿಸಿದವನನ್ನೇ ಮದುವೆಯಾಗುತ್ತೇನೆ ಅಂದಿದ್ದಳು. ಬರೋಡಾದಲ್ಲಿ ಬಾಬಾ ಪೈಲ್ವಾನ್‌ನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಮುಗಿಸಿದಳು. ಎರಡು ವರ್ಷದ ಹಿಂದೆಯೋ ಏನೋ ಗೂಗಲ್ ಡೂಡಲ್‌ನಲ್ಲೂ ಬಂದಿದ್ದಳು.

ಹಳೇ ಟೇಪು

2024ರ ಮೇ 4ಕ್ಕೆ ಬಂದದ್ದು. ಹಮೀದಾಗೂ ಇದೇ ಕಾಟ ಇತ್ತು. ಗೆದ್ದರೆ ಪಂದ್ಯ ಮೊದಲೇ ಮಾತಾಡಿಕೊಂಡದ್ದು ಅನ್ನುತ್ತಿದ್ದರು. ಗಂಡು ಹೆಣ್ಣು ಆಡಿದರೆ ಜನ ನಂಬುವುದು ಎರಡೇ ವಿಷಯ. ಅವನು ಬೇಕಂತಲೇ ಸೋತ, ಇಲ್ಲವೇ ಅವನು ಗಂಡಸೇ ಅಲ್ಲ.

ಮೂರನೇ ಸಾಲು

ಹಮೀದಾ ಬಗ್ಗೆ ಬೇರೆಯೇ ಚರ್ಚೆ ಬೇಕು. ಮತ್ತೆ ಬರ್ಕ್‌ಗೆ ಬರೋಣ. ಟೇಪು ಸರ್, ವುಲ್ಫ್ ವ್ಯವಹಾರ ಹೇಗೆ ನಡೆಸುತ್ತಿದ್ದ ಅನ್ನುವುದನ್ನು ಸ್ವಲ್ಪ ಬರೆಯುತ್ತೀರಾ? ಅದಿಲ್ಲದೆ ಅಟ್ಲಾಂಟಾ ಅರ್ಥವಾಗುವುದಿಲ್ಲ.

ಹಳೇ ಟೇಪು

ಬರೆಯುತ್ತೇನೆ. ಇದೇ ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ.

ಜಾತ್ರೆಯಲ್ಲಿ ಗಂಡಸರ ಜೊತೆ ಆಡಬಹುದು. ದೊಡ್ಡ ಊರುಗಳ ಸಭಾಂಗಣದಲ್ಲಿ ಆಗುವುದಿಲ್ಲ, ರಾಜ್ಯಗಳ ಅಥ್ಲೆಟಿಕ್ ಕಮಿಷನ್‌ಗಳು ಬಿಡುತ್ತಿರಲಿಲ್ಲ. ಅಂದರೆ ಹೆಣ್ಣಿಗೆ ಹೆಣ್ಣೇ ಎದುರಾಳಿ ಬೇಕು. ಇರುವವರೇ ನಾಲ್ಕಾರು ಜನ. ಹಾಗಾಗಿ ವುಲ್ಫ್ ಒಹಾಯೋದ ಕೊಲಂಬಸ್‌ನಲ್ಲಿ ಕೂತು ಹುಡುಗಿಯರನ್ನು ತಯಾರು ಮಾಡತೊಡಗಿದ. ಮೇ ಯಂಗ್, ಗ್ಲಾಡಿಸ್ ಗಿಲ್ಲೆಮ್, ನೆಲ್ ಸ್ಟೂವರ್ಟ್, ಜೂನ್ ಬೈಯರ್ಸ್ ಎಲ್ಲರೂ ಅಲ್ಲಿ ಹಾದುಹೋದವರೇ. 1950ರ ಹೊತ್ತಿಗೆ ಹತ್ತಿರ ಹತ್ತಿರ ಮೂವತ್ತು ಜನ ಅವನ ಕೈಕೆಳಗೆ. ಬ್ಯಾಬ್ಸ್ ವಿಂಗೊ, ಎಥೆಲ್ ಜಾನ್ಸನ್, ಮಾರ್ವಾ ಸ್ಕಾಟ್ ಅನ್ನುವ ಕಪ್ಪು ಜನಾಂಗದ ಮೂವರು ಅಕ್ಕತಂಗಿಯರೂ ಅವನ ತಂಡದಲ್ಲಿದ್ದರು. ಬಸ್ಸಿನಲ್ಲೂ ಹೋಟೆಲಿನಲ್ಲೂ ಬಣ್ಣ ನೋಡಿ ಕೂರಿಸುತ್ತಿದ್ದ ಕಾಲದಲ್ಲಿ ಅದು ಸಣ್ಣ ವಿಷಯವಲ್ಲ. ಅವರದ್ದೇ ಒಂದು ಚರ್ಚೆ ಆಗಬೇಕು.

ಯಾವ ಊರಿನ ಪ್ರಮೋಟರ್‌ಗಾದರೂ ಹೆಣ್ಣುಮಕ್ಕಳ ಪಂದ್ಯ ಬೇಕೆಂದರೆ ವುಲ್ಫ್‌ಗೆ ಫೋನ್ ಮಾಡಬೇಕು. ಅವನು ಇಬ್ಬರನ್ನು ಕಳಿಸುತ್ತಾನೆ, ಯಾರು ಗೆಲ್ಲಬೇಕು ಅಂತಲೂ ಹೇಳಿ ಕಳಿಸುತ್ತಾನೆ. ಸಂಭಾವನೆಯಲ್ಲಿ ದೊಡ್ಡ ಪಾಲು ಅವನಿಗೇ. ಮುನಿಸಿಕೊಂಡರೆ ಬೇರೆ ಕಡೆ ಕೆಲಸ ಇಲ್ಲ. ಯುದ್ಧದ ವರ್ಷಗಳಲ್ಲಿ ಗಂಡು ಕುಸ್ತಿಪಟುಗಳು ಸೈನ್ಯಕ್ಕೆ ಹೋದರು, ಇವರಿಗೆ ಇನ್ನೂ ಬೇಡಿಕೆ ಬಂತು. ಅಷ್ಟಾದರೂ ನ್ಯೂಯಾರ್ಕ್ ಬಾಗಿಲು ತೆರೆಯಲೇ ಇಲ್ಲ. ಆ ರಾಜ್ಯದಲ್ಲಿ ಹೆಂಗಸರ ಕುಸ್ತಿಗೆ ನಿಷೇಧ ಇದ್ದದ್ದು 1972ರ ತನಕ. ತನ್ನ ಕಾಲದ ಅತಿ ದೊಡ್ಡ ಮಹಿಳಾ ಚಾಂಪಿಯನ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ಆಡಲೇ ಇಲ್ಲ!

ಅಪಾಯ ಎಷ್ಟಿತ್ತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1951ರ ಜುಲೈನಲ್ಲಿ ಒಹಾಯೋದ ಈಸ್ಟ್ ಲಿವರ್‌ಪೂಲ್‌ನಲ್ಲಿ ಟ್ಯಾಗ್ ಪಂದ್ಯ (ಇಬ್ಬರಿಬ್ಬರ ಜೋಡಿ ಆಡುವುದು) ಆಡುವಾಗ ಜಾನೆಟ್ ವುಲ್ಫ್ ಕುಸಿದುಬಿದ್ದು ತೀರಿಕೊಂಡಳು. ಹದಿನೆಂಟು ವರ್ಷ. ಬಿಲ್ಲಿ ವುಲ್ಫ್‌ನ ಸಾಕುಮಗಳು. ಎದುರು ಆಡಿದವರನ್ನು ಪೊಲೀಸರು ವಿಚಾರಿಸಿ ಬಿಟ್ಟರು, ಅವರದ್ದೇನೂ ತಪ್ಪಿರಲಿಲ್ಲ. "ಎಲ್ಲಾ ನಾಟಕ" ಅನ್ನುವವರು ಅವಳನ್ನೂ ನೆನಪಿಟ್ಟುಕೊಳ್ಳಲಿ.

ಸುಮ್ನೆ ಓದುವವ

ಜಾನೆಟ್ ವಿಷಯ ಗೊತ್ತಿರಲಿಲ್ಲ. ಆಟ ಬರೆದಿಟ್ಟದ್ದು ಅಂದೆನೇ ಹೊರತು ನೋವಾಗುವುದಿಲ್ಲ ಅನ್ನಲಿಲ್ಲ. ನೆಲ ಎಲ್ಲರಿಗೂ ಗಟ್ಟಿಯೇ. ಮುಂದುವರಿಸಿ.

ಹಳೇ ಟೇಪು

ಗಂಡ ಹೆಂಡತಿ ಸಂಬಂಧ ಹೆಸರಿಗಷ್ಟೇ ಉಳಿದು ತುಂಬಾ ವರ್ಷವಾಗಿತ್ತು. ಅವನಿಗೆ ಬೇರೆ ಹೆಂಗಸರು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಗಂಡನೂ ಅವನ ಮಗನೂ ಸೇರಿ ತನ್ನನ್ನು ಹೊಡೆದರು ಅಂತ ಬರ್ಕ್ ಆಮೇಲೆ ಹೇಳಿದ್ದಾಳೆ. 1952ರ ಹೊತ್ತಿಗೆ ಬೇರೆಯಾದರು. ವ್ಯವಹಾರದಲ್ಲಿ ಅವನ ಪಾಲನ್ನು ಅವಳೇ ದುಡ್ಡು ಕೊಟ್ಟು ಕೊಂಡಳು. ಅವನು ದೂರ ಇರಬೇಕು ಅಂತ ಒಪ್ಪಂದ. ಇದ್ದನಾ? ಎಲ್ಲಿಂದ! ತನ್ನದೇ ಬುಕಿಂಗ್ ಮತ್ತೆ ಶುರು ಮಾಡಿದ.

ಬೆಲ್ಟ್ ಅವಳ ಸೊಂಟದಲ್ಲಿ, ಟೆಲಿಫೋನು ಅವನ ಮೇಜಿನ ಮೇಲೆ. ಪ್ರಮೋಟರ್‌ಗಳೆಲ್ಲ ಗಂಡಸರು, ಅವನ ಹಳೇ ಸ್ನೇಹಿತರು. 1948ರಲ್ಲಿ ಹುಟ್ಟಿದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಅನ್ನುವ ಪ್ರಮೋಟರ್‌ಗಳ ಒಕ್ಕೂಟ ಆಗ ದೇಶವನ್ನೇ ಹಂಚಿಕೊಂಡು ಕೂತಿತ್ತು. ಅದರ ಸಭೆಗೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಅವಳ ಭವಿಷ್ಯ ತೀರ್ಮಾನವಾಗುವ ಕೋಣೆಯಲ್ಲಿ ವುಲ್ಫ್ ಇರಬಹುದು, ಅವಳು ಇರುವಂತಿಲ್ಲ. ಸಾಲ ಏರಿ ಅವಳ ಕಂಪನಿ ಕೋರ್ಟ್ ಕೈಗೆ ಹೋಯಿತು. ನೋಡಿಕೊಳ್ಳಲು ನೇಮಕವಾದವನು ವುಲ್ಫ್‌ನನ್ನೇ ತಂದು ಕೂರಿಸಿದ.

ಇಷ್ಟೆಲ್ಲ ಆದ ಮೇಲೆ ಅಟ್ಲಾಂಟಾ. ವುಲ್ಫ್ ಕಡೆಯವರು ಅಷ್ಟರಲ್ಲಾಗಲೇ ಬೈಯರ್ಸ್‌ಳನ್ನು ಚಾಂಪಿಯನ್ ಅಂತ ಕರೆಯಲು ಶುರು ಮಾಡಿದ್ದರು. ಎರಡು ಕತ್ತಿ, ಒಂದು ಒರೆ. ಬರ್ಕ್ ಸೋಲಲು ಒಪ್ಪುವವಳಲ್ಲ, ಬೈಯರ್ಸ್ ಕೂಡ ಒಪ್ಪುವವಳಲ್ಲ. ಹಾಗಾಗಿ ನಿಜವಾಗಿ ಆಡಿ ನೋಡೋಣ ಅಂತಾಯಿತು.

ಮ್ಯಾಟ್ ಮೇಡಂ

ಆ ಪಂದ್ಯದ ಬಗ್ಗೆ ನಾನು ಹೇಳುವುದು ಸ್ವಲ್ಪ ಬೇರೆ.

ಬರ್ಕ್‌ಗೆ ಆಗ 39 ವರ್ಷ. ಬೈಯರ್ಸ್ ಅವಳಿಗಿಂತ ಏಳು ವರ್ಷ ಚಿಕ್ಕವಳು, ಎತ್ತರ, ತೂಕವೂ ಜಾಸ್ತಿ. ಬರ್ಕ್‌ಳ ಮೊಣಕಾಲು ಮೊದಲೇ ಹಾಳಾಗಿತ್ತು. ಮೊದಲ ಫಾಲ್‌ನಲ್ಲಿ ಮೊಣಕಾಲು ಜಾರಿತು, ಸರಿಮಾಡಿಕೊಳ್ಳಲು ಸಮಯ ಬೇಕಿತ್ತು, ಅದಕ್ಕೇ ಆ ಫಾಲ್ ಬಿಟ್ಟುಕೊಟ್ಟೆ ಅಂತ ಅವಳ ಮಾತು. ಕೇಳಲು ನೆಪದ ಹಾಗಿದೆ, ಅಲ್ವಾ? ಆದರೆ ಮೂರು ಫಾಲ್‌ಗಳ ಪಂದ್ಯದಲ್ಲಿ ಹಾಗೆ ಮಾಡುವುದುಂಟು. ಒಂದು ಫಾಲ್ ಹೋದರೆ ಮಧ್ಯೆ ಬಿಡುವು ಸಿಗುತ್ತದೆ. ಮೊಣಕಾಲು ಮುರಿದುಕೊಂಡು ಎರಡೂ ಕಳೆದುಕೊಳ್ಳುವುದಕ್ಕಿಂತ ಅದು ಮೇಲು.

ಎರಡನೇ ಫಾಲ್ ಮುಗಿಯಲಿಲ್ಲ ಅನ್ನುವುದು ನನಗೆ ಆಶ್ಚರ್ಯವೇ ಇಲ್ಲ. ಇಬ್ಬರೂ ಕಲಿತವರು, ಇಬ್ಬರೂ ಸೋಲಬಾರದು ಅಂತ ಬಂದವರು. ಹಣೆಗೆ ಹಣೆ ಕೊಟ್ಟು ಮಣಿಕಟ್ಟು ಹಿಡಿದು ನಿಲ್ಲುತ್ತಾರೆ. ಯಾರೂ ಮುಂದೆ ಹೆಜ್ಜೆ ಇಡುವುದಿಲ್ಲ, ಇಟ್ಟವಳ ಕಾಲು ಎದುರಾಳಿಯ ಕೈಗೆ ಹೋಗುತ್ತದೆ. ಕೆಳಗೆ ಬಿದ್ದರೆ ಹೊಟ್ಟೆ ಮೇಲೆ ಮಲಗಿ ಮೊಣಕೈ ಒಳಗೆಳೆದುಕೊಂಡರೆ ಆಯಿತು, ಭುಜ ತಿರುಗಿಸಿ ಚಿತ್ ಮಾಡಲು ಮೇಲಿನವಳಿಗೆ ಬೆವರಿಳಿಯುತ್ತದೆ. ರಕ್ಷಣೆ ಮಾತ್ರ ಮಾಡುತ್ತೇನೆ ಅಂತ ಕೂತವಳನ್ನು ಸೋಲಿಸುವುದು ತುಂಬಾ ಕಷ್ಟ. ಇವತ್ತಿನ ಕುಸ್ತಿಯಲ್ಲಿ ಹಾಗೆ ಕೂತರೆ ರೆಫರಿ ಎಚ್ಚರಿಸಿ ಎದುರಾಳಿಗೆ ಪಾಯಿಂಟ್ ಕೊಡುತ್ತಾನೆ. ಅಲ್ಲಿ ಪಾಯಿಂಟೂ ಇಲ್ಲ. ನೋಡುವವರಿಗಂತೂ ಆಕಳಿಕೆ. ಶೂಟ್ ಪಂದ್ಯಗಳಿಗೆ ಪ್ರಮೋಟರ್‌ಗಳು ಹೆದರುತ್ತಿದ್ದದ್ದಕ್ಕೆ ಅದೂ ಒಂದು ಕಾರಣ, ಮುಂದಿನ ವಾರ ಟಿಕೆಟ್ ಹೋಗುವುದಿಲ್ಲ.

ಹಾಗಾಗಿ ನನ್ನ ತೀರ್ಪು ಹೀಗೆ. ಬೈಯರ್ಸ್ ಅವಳನ್ನು ಸೋಲಿಸಲಿಲ್ಲ. ಆದರೆ ಆಟ ಮುಂದುವರಿದಿದ್ದರೆ ಬರ್ಕ್ ಗೆಲ್ಲುತ್ತಿದ್ದಳು ಅಂತ ನಾನು ಹೇಳಲಾರೆ. ಆ ಮೊಣಕಾಲಿನಲ್ಲಿ ಎರಡು ಫಾಲ್ ವಾಪಸ್ ತರುವುದು ಆಗದ ಮಾತು. ಕಿತ್ತುಕೊಂಡರು ಅನ್ನುತ್ತೀರಲ್ಲ, ಅದರಲ್ಲಿ ಬೈಯರ್ಸ್‌ಗೆ ಅನ್ಯಾಯ ಮಾಡುತ್ತೀರಿ. ಅವಳೂ ಒಂದು ಗಂಟೆಯಷ್ಟು ಹೊತ್ತು ಬರ್ಕ್ ಎದುರು ನಿಜವಾಗಿ ನಿಂತವಳು. ಹತ್ತು ಜನರಲ್ಲಿ ಒಬ್ಬರಿಗೂ ಅದು ಆಗುತ್ತಿರಲಿಲ್ಲ.

ಮೂರನೇ ಸಾಲು

ಬೈಯರ್ಸ್ ಬಗ್ಗೆ ನನಗೆ ದೂರಿಲ್ಲ ಮೇಡಂ, ಒಳ್ಳೆಯ ಕುಸ್ತಿಪಟು. ನನ್ನ ಸಿಟ್ಟು ಪಂದ್ಯ ನಿಂತ ಮೇಲೆ ನಡೆದದ್ದರ ಮೇಲೆ. ಫಲಿತಾಂಶ ಇಲ್ಲದ ಪಂದ್ಯಕ್ಕೆ ಫಲಿತಾಂಶ ಬರೆದರು. ಓದಿದವರಿಗೆ ಅಲ್ಲಿ ಏನಾಯಿತು ಅಂತ ಹೇಗೆ ಗೊತ್ತಾಗಬೇಕು?

ಸುಮ್ನೆ ಓದುವವ

ಈಗ ನನಗೂ ಒಂದು ಪ್ರಶ್ನೆ ಬಂತು. 1937ರಿಂದ 1952ರ ತನಕ ಫಲಿತಾಂಶ ಬರೆಯುತ್ತಿದ್ದವನು ಯಾರು? ಇದೇ ವುಲ್ಫ್. ಆಗ ಎಲ್ಲ ಬರ್ಕ್ ಪರವಾಗಿ ಬರೆಯುತ್ತಿದ್ದ. ಎಷ್ಟು ಹುಡುಗಿಯರು ರಾತ್ರಿ ರಾತ್ರಿ ಅವಳಿಗೆ ಸೋತು ಅರ್ಧ ಸಂಬಳ ತಗೊಂಡು ಬಸ್ಸು ಹತ್ತಿದ್ದಾರೆ. ಗ್ಲಾಡಿಸ್ ಗಿಲ್ಲೆಮ್‌ಗೆ ಸೋಲುವುದೇ ಕೆಲಸವಾಗಿತ್ತು ಅಂತ ಎಲ್ಲೋ ಓದಿದೆ. ಆ ಬುಕಿಂಗ್ ಅವಳ ಪರ ಇರುವ ತನಕ ಸರಿ, ವಿರುದ್ಧ ತಿರುಗಿದಾಗ ಅನ್ಯಾಯ. ಹೇಗೆ?

ಅರ್ಧರಾತ್ರಿ

ಓಹೋ. ಸುಮ್ನೆ ಓದುವವರು ಸುಮ್ನೆ ಓದುತ್ತಿಲ್ಲ.

ಮೂರನೇ ಸಾಲು

ಪ್ರಶ್ನೆ ಸರಿಯಾಗೇ ಇದೆ. ನನ್ನ ಉತ್ತರ, ಅವಳು ಬಿಟ್ಟುಕೊಡಲು ಒಪ್ಪಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬರೆದಿಟ್ಟ ಆಟದ ನಿಯಮವೇ ಅದು, ಇಬ್ಬರೂ ಒಪ್ಪಿರಬೇಕು. ಅಟ್ಲಾಂಟಾದಲ್ಲಿ ನಿಜವಾಗಿ ಆಡುತ್ತೇವೆ ಅಂತ ಒಪ್ಪಿಕೊಂಡು, ಆಮೇಲೆ ಬರೆದಿಟ್ಟ ಆಟದ ಥರ ಫಲಿತಾಂಶ ಕೊಟ್ಟರು. ಎರಡರಲ್ಲಿ ಒಂದು ಆಗಬೇಕಿತ್ತು.

ಉಳಿದ ಹುಡುಗಿಯರ ವಿಷಯ ಬಂದರೆ, ಹೌದು, ಅವಳೂ ಆ ಮರದ ಹಣ್ಣು ತಿಂದವಳೇ. ವಜ್ರಗಳು ಎಲ್ಲಿಂದ ಬಂದವು ಅಂತ ಕೇಳಬೇಕಾದ್ದೇ.

ಕೆಂಪು ಬೆಲ್ಟ್

ಎಲ್ಲರೂ ಅಟ್ಲಾಂಟಾದಲ್ಲೇ ಕೂತಿದ್ದೀರಿ. ಮೂರು ತಿಂಗಳು ಮುಂದೆ ಬನ್ನಿ ಸ್ವಾಮಿ!

1954ರ ನವೆಂಬರ್, ಟೋಕಿಯೋ. ಅದೇ ವರ್ಷ ಫೆಬ್ರವರಿಯಲ್ಲಿ ರಿಕಿಡೋಜಾನ್ ಮತ್ತು ಕಿಮುರಾ ಅನ್ನುವ ಜಪಾನಿ ಜೋಡಿ ವಿದೇಶದ ಶಾರ್ಪ್ ಸಹೋದರರ ಎದುರು ಆಡಿ ಜಪಾನಿಗೆ ಕುಸ್ತಿ ಹುಚ್ಚು ಹಿಡಿಸಿತ್ತು. ಟಿವಿ ಹೊಸದು, ಮನೆಗಳಲ್ಲಿ ಇಲ್ಲ, ಜನ ಬೀದಿಯಲ್ಲಿಟ್ಟ ಟಿವಿಯ ಮುಂದೆ ಮುಗಿಬಿದ್ದು ನೋಡುತ್ತಿದ್ದರು. ಆ ಬಿಸಿ ಆರುವ ಮೊದಲೇ ಬರ್ಕ್, ಮೇ ಯಂಗ್ ಮತ್ತು ಇನ್ನೂ ಕೆಲವರು ಅಲ್ಲಿಗೆ ಹೋದರು. ಕುರಾಮೆ ಕೊಕುಗಿಕಾನ್‌ನಲ್ಲಿ ಆಡಿದರು. ಅದು ಸುಮೋ ಸಭಾಂಗಣ. ಹೆಂಗಸರು ಸುಮೋ ಕಣಕ್ಕೆ ಕಾಲಿಡಬಾರದು ಅನ್ನುವ ದೇಶದಲ್ಲಿ, ಆ ಕಟ್ಟಡದಲ್ಲೇ ಅಮೆರಿಕದ ಹೆಂಗಸರ ಕುಸ್ತಿ!

ಜಪಾನಿನಲ್ಲಿ ಆಗಲೇ ಇಗಾರಿ ಸದಾಕೊ ಅನ್ನುವವಳು ಅಣ್ಣಂದಿರ ಜೊತೆ ಸಣ್ಣ ಮಟ್ಟದಲ್ಲಿ ಆಡುತ್ತಿದ್ದಳು. ಬರ್ಕ್ ತಂಡ ಬಂದುಹೋದ ಮೇಲೆ ಅಲ್ಲಿ ಮಹಿಳಾ ಕುಸ್ತಿಯ ಗುಂಪುಗಳು ಹುಟ್ಟಿದವು, ಜಗಳವಾಡಿದವು, ಮುಳುಗಿದವು. ಕೊನೆಗೆ 1968ರಲ್ಲಿ ಮತ್ಸುನಾಗಾ ಸಹೋದರರು ಆಲ್ ಜಪಾನ್ ವಿಮೆನ್ಸ್ ಅನ್ನುವ ಕಂಪನಿ ಕಟ್ಟಿದರು.

ಈಗ ಮುಖ್ಯ ವಿಷಯ. ಅಮೆರಿಕದಲ್ಲಿ ತನ್ನ ಬೆಲ್ಟನ್ನು ಒಪ್ಪದಿದ್ದಾಗ ಬರ್ಕ್ ಲಾಸ್ ಏಂಜಲೀಸ್‌ನಲ್ಲಿ ತನ್ನದೇ ಸಂಸ್ಥೆ ಮಾಡಿಕೊಂಡು ಅದಕ್ಕೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂಎ (ವರ್ಲ್ಡ್ ವಿಮೆನ್ಸ್ ರೆಸ್ಲಿಂಗ್ ಅಸೋಸಿಯೇಷನ್) ಅಂತ ಹೆಸರಿಟ್ಟಿದ್ದಳು. ಅಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. 1970ರಲ್ಲಿ ಆ ಬೆಲ್ಟ್ ಜಪಾನಿಗೆ ಹೋಯಿತು, ಆಲ್ ಜಪಾನ್ ವಿಮೆನ್ಸ್‌ನ ಅತಿ ದೊಡ್ಡ ಬೆಲ್ಟ್ ಆಯಿತು. ಅದೇ ಕೆಂಪು ಬೆಲ್ಟ್, ನನ್ನ ಹೆಸರು ಅದರಿಂದಲೇ. ಜಾಕಿ ಸಾಟೊ, ಜಾಗ್ವಾರ್ ಯೊಕೋಟಾ, ಬುಲ್ ನಕಾನೊ, ಅಜಾ ಕಾಂಗ್, ಮನಾಮಿ ಟೊಯೋಟಾ ಇವರೆಲ್ಲ ಕಟ್ಟಿಕೊಂಡದ್ದು ಅದನ್ನೇ. 1994ರ ನವೆಂಬರ್‌ನಲ್ಲಿ ಆ ಕಂಪನಿಯವರು ಟೋಕಿಯೋ ಡೋಮ್ ಅನ್ನುವ ದೊಡ್ಡ ಕ್ರೀಡಾಂಗಣದಲ್ಲಿ ಆಡಿದರು. ಆ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಹೆಂಗಸರ ಪಂದ್ಯ ಅಂದರೆ ಬಾತ್‌ರೂಮಿಗೆ ಹೋಗುವ ಬಿಡುವು. 1994ರಲ್ಲೇ ಬುಲ್ ನಕಾನೊ ಅಮೆರಿಕಕ್ಕೆ ಹೋಗಿ ಅಲುಂಡ್ರಾ ಬ್ಲೇಜ್ ಜೊತೆ ಆಡಿದ ಪಂದ್ಯಗಳನ್ನು ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅಂದರೆ ಅಮೆರಿಕದಲ್ಲಿ "ಸೋತ" ಬೆಲ್ಟ್ 2005ರಲ್ಲಿ ಆ ಕಂಪನಿ ಮುಚ್ಚುವ ತನಕ ಬದುಕಿತ್ತು. "ಗೆದ್ದ" ಬೈಯರ್ಸ್ ಬೆಲ್ಟ್? 1956ರಲ್ಲಿ ಬಾಲ್ಟಿಮೋರ್‌ನಲ್ಲಿ ಬೇರೆಯವರು ಬೇರೆ ಟೂರ್ನಮೆಂಟ್ ಮಾಡಿ ಮೂಲಾಗೆ ಇನ್ನೊಂದು ಬೆಲ್ಟ್ ಕಟ್ಟಿದರು. ಬೈಯರ್ಸ್ 1964ರ ತನಕ ಚಾಂಪಿಯನ್ ಅಂತಲೇ ಓಡಾಡುತ್ತಿದ್ದಳು, ಕಾರು ಅಪಘಾತದ ನಂತರ ಬಿಟ್ಟಳು. ವುಲ್ಫ್ ಅಷ್ಟರಲ್ಲಿ ತೀರಿಕೊಂಡಿದ್ದ.

ಅರ್ಧರಾತ್ರಿ

ಇದು ನನಗೆ ಹೊಸದು. ಮನಾಮಿ ಟೊಯೋಟಾ ಪಂದ್ಯಗಳನ್ನು ನೋಡಿ ನೋಡಿ ಕಣ್ಣು ಹಾಳು ಮಾಡಿಕೊಂಡವನು ನಾನು. ಆ ಬೆಲ್ಟ್ ಬರ್ಕ್‌ದು ಅಂತ ಗೊತ್ತೇ ಇರಲಿಲ್ಲ.

ಹಳೇ ಟೇಪು

ಅಟ್ಲಾಂಟಾಗೆ ಹೋಲುವ ಇನ್ನೊಂದು ಇದೆ, ಮೂಲಾದೇ ಕೆಲಸ. 1985ರ ನವೆಂಬರ್ 25, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಚಾಂಪಿಯನ್ ವೆಂಡಿ ರಿಕ್ಟರ್, ಎದುರು ಮುಖವಾಡ ಹಾಕಿದ ಸ್ಪೈಡರ್ ಲೇಡಿ. ಸಂಭಾವನೆಯ ಜಗಳ ನಡೆಯುತ್ತಿತ್ತು. ಪಂದ್ಯದ ಮಧ್ಯೆ ಒಂದು ಪಿನ್ (ಭುಜ ನೆಲಕ್ಕೆ ಒತ್ತಿ ಹಿಡಿಯುವುದು), ರಿಕ್ಟರ್ ಭುಜ ಎತ್ತಿದರೂ ರೆಫರಿ ಟಪಟಪ ಮೂರು ಎಣಿಸಿಬಿಟ್ಟ. ಮುಖವಾಡ ಕಿತ್ತು ನೋಡಿದರೆ ಒಳಗೆ ಮೂಲಾ! ರಿಕ್ಟರ್ ಬಟ್ಟೆಯನ್ನೂ ಬದಲಾಯಿಸದೆ ಟ್ಯಾಕ್ಸಿ ಹತ್ತಿ ಏರ್‌ಪೋರ್ಟಿಗೆ ಹೋದಳು. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್‌ಗೆ ಗೊತ್ತಿಲ್ಲದಂತೆ ಬೆಲ್ಟ್ ಕಿತ್ತುಕೊಂಡದ್ದನ್ನು ಎಲ್ಲರೂ ಮಾತಾಡುತ್ತಾರೆ, ರಿಕ್ಟರ್‌ಳನ್ನು ಯಾರೂ ನೆನೆಯುವುದಿಲ್ಲ.

ಬರ್ಕ್‌ಗೂ ರಿಕ್ಟರ್‌ಗೂ ಒಂದು ವ್ಯತ್ಯಾಸ. ಬರ್ಕ್ ವಿರುದ್ಧ ಹಾಗೆ ಟಪಟಪ ಎಣಿಸಲು ಆಗಲಿಲ್ಲ. ಎಣಿಸಬೇಕಾದರೆ ಮೊದಲು ಭುಜ ನೆಲಕ್ಕೆ ತಾಗಬೇಕಲ್ಲ.

ಮ್ಯಾಟ್ ಮೇಡಂ

ಟೇಪು ಸರ್, ಅದಕ್ಕೆ ಒಂದು ಲೈಕ್.

ಕೊನೆಯ ವರ್ಷಗಳಲ್ಲಿ ಬರ್ಕ್ ಕ್ಯಾಲಿಫೋರ್ನಿಯಾದ ಎನ್‌ಸೀನೋದಲ್ಲಿ ಕುಸ್ತಿ ಕಲಿಸುತ್ತಿದ್ದಳು. ಕೆನಡಾದ ರೊಂಡಾ ಸಿಂಗ್ ಅಲ್ಲಿ ಕಲಿತವಳೇ. ಅವಳ ರಿಂಗ್ ಹೆಸರು ಮಾನ್ಸ್ಟರ್ ರಿಪ್ಪರ್ ಅಂದರೆ ಕೆಂಪು ಬೆಲ್ಟ್ ಅವರಿಗೆ ಗೊತ್ತಿರುತ್ತದೆ.

ಕೆಂಪು ಬೆಲ್ಟ್

ಗೊತ್ತಿಲ್ಲದೆ ಇರುತ್ತಾ! ಕಲಿತ ಕೂಡಲೇ ಜಪಾನಿಗೆ ಬಂದು ಅದೇ ಕೆಂಪು ಬೆಲ್ಟ್ ಗೆದ್ದವಳು. ಬರ್ಕ್ ಶಿಷ್ಯೆ ಬರ್ಕ್ ಬೆಲ್ಟ್ ಕಟ್ಟಿಕೊಂಡಳು.

ಸುಮ್ನೆ ಓದುವವ

ಸರಿ, ಮೂರನೇ ಸಾಲಿನವರ ಪ್ರಶ್ನೆಗೆ ನನ್ನ ಓಟು. ಅಟ್ಲಾಂಟಾ ಪಂದ್ಯದ ಮುಂದೆ "ಫಲಿತಾಂಶ ಇಲ್ಲ" ಅಂತ ಬರೆಯಬೇಕು. ಬರ್ಕ್ ಸೋಲಲಿಲ್ಲ, ಬೈಯರ್ಸ್ ಗೆಲ್ಲಲಿಲ್ಲ. 200 ಗಂಡಸರ ಲೆಕ್ಕವನ್ನು ಮಾತ್ರ ನಾನು ಈಗಲೂ ಒಪ್ಪುವುದಿಲ್ಲ.

ಮೂರನೇ ಸಾಲು

"ಫಲಿತಾಂಶ ಇಲ್ಲ" ನನಗೂ ಒಪ್ಪಿಗೆ. ಆದರೆ ಹಾಗೆ ಬರೆದರೆ ಹಳೇ ಬೆಲ್ಟ್ ಅವಳ ಹತ್ತಿರವೇ ಉಳಿಯಬೇಕು, ಚಾಂಪಿಯನ್‌ಶಿಪ್ ಹೋಗುವುದು ಸೋತರೆ ಮಾತ್ರ. ಯೋಚಿಸಿ ನೋಡಿ, ಆಗ ಕೆಂಪು ಬೆಲ್ಟ್‌ನ ಸಾಲೇ ನಿಜವಾದ ಸಾಲು, ಮೂಲಾದು ಹೊಸದಾಗಿ ಹುಟ್ಟಿದ್ದು.

2016ರಲ್ಲಿ ಡಬ್ಲ್ಯೂಡಬ್ಲ್ಯೂಇ ಬರ್ಕ್‌ಳನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಲೆಗಸಿ ವಿಭಾಗದಲ್ಲಿ, ಭಾಷಣ ಗೀಷಣ ಏನೂ ಇಲ್ಲ, ಹೆಸರು ಫೋಟೋ ತೋರಿಸಿ ಮುಂದಕ್ಕೆ ಹೋಗುವುದು. ಅವಳು ತೀರಿಕೊಂಡು ಆಗಲೇ 27 ವರ್ಷವಾಗಿತ್ತು. ಮೂಲಾ 1995ರಲ್ಲೇ ಒಳಗಿದ್ದಳು.

ಕೆಂಪು ಬೆಲ್ಟ್

ಮೂಲಾದು ಹೊಸದಾಗಿ ಹುಟ್ಟಿದ್ದು ಅನ್ನುವುದಕ್ಕೆ ನಾನು ಕೈ ಎತ್ತುತ್ತೇನೆ. 28 ವರ್ಷ ಚಾಂಪಿಯನ್ ಅಂತ ಹೇಳಿಕೊಳ್ಳುತ್ತಿದ್ದಳಲ್ಲ, ಆ ಮಧ್ಯೆ 1968ರಲ್ಲಿ ಜಪಾನಿನಲ್ಲೇ ಒಮ್ಮೆ ಸೋತಿದ್ದಾಳೆ. ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಹಳೇ ಟೇಪು

ಮೂಲಾ ಬಗ್ಗೆ ಇಲ್ಲಿ ಬೇಡ ಮಾರಾಯರೇ, ಮುಗಿಯುವುದಿಲ್ಲ. ಅವಳ ಕೈಕೆಳಗೆ ಆಡಿದವರು ಕಮಿಷನ್ ಬಗ್ಗೆ ಹೇಳಿದ್ದೇ ನಾಲ್ಕು ಪುಟ ಆಗುತ್ತದೆ. ಬೇರೆ ಚರ್ಚೆ ತೆರೆಯಿರಿ, ನಾನು ಬರುತ್ತೇನೆ.